ಮೆಷಿನ್ ಚೆನ್ನಾಗಿದೆ ಅತ್ತೆ

ನನ್ನ ಅಂಗೈಗಳು ಇವತ್ತು ಬೆಳಿಗ್ಗೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಹೊಡೆಯುತ್ತಿವೆ. ಸೋಪು ಹಾಕಿ ತೊಳೆದೆ, ಸ್ಪಿರಿಟ್ ಸವರಿಕೊಂಡೆ, ಊಹ್ಞೂಂ, ಹೋಗಲೊಲ್ಲದು. ಗಾಣದ ಎಣ್ಣೆ ನೋಡಿ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಕ್ಲಿನಿಕ್ಕಿನ ನರ್ಸ್ ಸಾವಿತ್ರಿ ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಮೇಡಂ, ಯಾರೋ ಎಣ್ಣೆ ಹಚ್ಕೊಂಡು ನೀರು ಹಾಕ್ಕೊಳ್ಳೋದು ಬಿಟ್ಟು ಸೀದಾ ಇಲ್ಲಿಗೆ ಬಂದವ್ರೆ" ಎಂದಳು. ಆ ಯಾರೋ ನಾನೇ ಎಂದು ಹೇಳಲಿಲ್ಲ. ಹೇಳಿದರೆ ಕಾರಣ ಕೇಳುತ್ತಾಳೆ, ಕಾರಣ ಹೇಳಹೋದರೆ ಕಥೆ ಉದ್ದವಾಗುತ್ತದೆ, ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದಾರೆ. ನಿಮಗಾದರೆ ಹೇಳಬಹುದು. ನಿಮಗೇನು ಜ್ವರವೇ ಕೆಮ್ಮೇ, ಆರಾಮಾಗಿ ಕೂತಿದ್ದೀರಿ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಎಣ್ಣೆ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಬೇಕು. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ಮರೆತುಬಿಡುತ್ತೇವೆ. ಅದು ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಚಿಪ್ಪಿನೊಳಗೇ ಕೊಬ್ಬರಿಯಾಗುತ್ತದೆ. ದುಂಡಗೆ ಚೆಂದವಾಗಿ ಬಂದದ್ದು ಮಾರುಕಟ್ಟೆಗೆ. ಒಡೆದದ್ದು, ಕಪ್ಪಾದದ್ದು ಗಾಣಕ್ಕೆ. ಗಾಣದಿಂದ ಬಂದದ್ದು ನಮ್ಮ ಮೈಗೆ. ಹುಟ್ಟಿದ ಕೂಸಿಗೆ ಎಣ್ಣೆ, ಬಾಣಂತಿಗೆ ಎಣ್ಣೆ, ಮದುವೆಗೆ ಹೊರಟರೆ ಎಣ್ಣೆ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಹೊರಟರೆ ಕುತ್ತಿಗೆಯಿಂದ ಅಂಗಾಲಿನವರೆಗೆ ಎಣ್ಣೆ.

ಈ ಕೊನೆಯ ಪದ್ಧತಿಯ ಮಹಾ ಪ್ರತಿಪಾದಕಿ ನಮ್ಮ ಗಂಗತ್ತೆ. ನನ್ನ ಅಪ್ಪನ ಅಕ್ಕ. ಅಮ್ಮ ಶಾಲೆಯ ಟೀಚರಾಗಿ ಊರೂರಿಗೆ ವರ್ಗವಾಗುತ್ತಿದ್ದ ಕಾಲದಲ್ಲಿ ನಾನು ಬೆಳೆದದ್ದು ಕೆಂಕೆರೆಯ ಹತ್ತಿರದ ಈ ಅತ್ತೆಯ ಮನೆಯಲ್ಲಿ. ಅತ್ತೆಯದು ದೊಡ್ಡ ಗಂಟಲು, ದೊಡ್ಡ ಕುಂಕುಮ, ದೊಡ್ಡ ತುತ್ತು. ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದು ಆಸ್ಪತ್ರೆಗೆ ಹೊರಟರೆ, ಅವರು ಮುಲುಕುತ್ತಿದ್ದರೂ ಬಿಡದೆ ಹೊಸ್ತಿಲಲ್ಲಿ ನಿಲ್ಲಿಸಿ ಎಣ್ಣೆ ಸವರುತ್ತಿದ್ದಳು. "ಊರಿಗೆಲ್ಲಾ ಎಣ್ಣೆ ಕೊಡೋರು ನಾವು. ಬೂದಿ ಬಳ್ಕಂಡಂಗೆ ಒಣ ಮೈ ಹೊತ್ಕಂಡು ಡಾಕ್ಟ್ರ ಮುಂದೆ ಕೂತ್ರೆ, ಇವ್ರ ಮನೇಲಿ ಎಣ್ಣೆಗೂ ಗತಿ ಇಲ್ವಾ ಅಂದ್ಕಳಲ್ವಾ ಅವ್ರು?" ಇದು ಅವಳ ವಾದ. ಇದಕ್ಕೆ ಎದುರು ವಾದ ಹೂಡಿ ಗೆದ್ದವರನ್ನು ನಾನು ಕಂಡಿಲ್ಲ.

ನಾನು ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್. ಅಂದರೆ ಆಸ್ಪತ್ರೆಯ ಯಂತ್ರಗಳನ್ನು ಕಟ್ಟುವ, ರಿಪೇರಿ ಮಾಡುವ ವಿದ್ಯೆ. ಅದನ್ನು ಅತ್ತೆಗೆ ವಿವರಿಸಲು ಅರ್ಧ ದಿನ ಹಿಡಿಯಿತು. ಕೊನೆಗೆ ಅವಳು, "ಅಂದ್ರೆ ಜನ ಕೆಟ್ರೆ ಡಾಕ್ಟ್ರು, ಡಾಕ್ಟ್ರ ಸಾಮಾನು ಕೆಟ್ರೆ ನೀನು" ಎಂದು ತೀರ್ಮಾನಿಸಿ ಊರೆಲ್ಲ ನನ್ನನ್ನು 'ಮೆಷಿನ್ ಡಾಕ್ಟ್ರು' ಎಂದು ಹೇಳಿಕೊಂಡು ಬಂದಳು. ನಾನು ಬೆಂಗಳೂರಿನ ಒಂದು ಕಂಪನಿ ಸೇರಿ, ತುಮಕೂರಿನಲ್ಲಿ ರೂಮು ಮಾಡಿಕೊಂಡು, ಈ ಭಾಗದ ಆಸ್ಪತ್ರೆಗಳಿಗೆಲ್ಲ ಸರ್ವಿಸ್ ಮಾಡಲು ಓಡಾಡತೊಡಗಿದೆ. ಹೆಗಲಿಗೊಂದು ಬ್ಯಾಗು, ಬ್ಯಾಗಿನಲ್ಲಿ ಮೀಟರು, ಸ್ಕ್ರೂಡ್ರೈವರು, ಜೊತೆಗೆ ಬೇಕಾದಷ್ಟು ಜಂಬ.

ಆ ಜಂಬ ಇಳಿದದ್ದು ಕಿಬ್ಬನಹಳ್ಳಿ ಹೆದ್ದಾರಿಯ ಪಕ್ಕದ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ. ಅಲ್ಲಿಗೆ ನಮ್ಮ ಕಂಪನಿ ಹೊಸ ಇಸಿಜಿ ಮೆಷಿನ್ ಕೊಟ್ಟಿತ್ತು. ಎದೆಗೆ ಸಣ್ಣ ರಬ್ಬರ್ ಬುಡ್ಡೆಗಳನ್ನು ಅಂಟಿಸಿದರೆ ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆದುಕೊಡುತ್ತದಲ್ಲ, ಅದು. "ಮೆಷಿನ್ ಕೆಟ್ಟೈತೆ ಮೇಡಂ, ಗೆರೆ ಕುಣೀತದೆ" ಎಂದು ಫೋನು. ಹೋದೆ. ನನ್ನ ಕೈಗೇ ತಂತಿ ಹಾಕಿಕೊಂಡು ನೋಡಿದೆ, ಗೆರೆ ಸಾಧುವಾಗಿ ಬಂತು. ಸರಿಯಾಗಿದೆ ಎಂದು ಹೇಳಿ ಬಂದೆ. ವಾರದೊಳಗೆ ಮತ್ತೆ ಫೋನು. ತಂತಿ ಬದಲಿಸಿದೆ. ಮತ್ತೆ ಫೋನು. ಮೆಷಿನ್ನಿನ ಹೊಟ್ಟೆ ಬಿಚ್ಚಿ ಬೋರ್ಡು ತೆಗೆದು ಬೆಂಗಳೂರಿಗೆ ಕಳಿಸಿದೆ, ಅವರು ಏನೂ ದೋಷವಿಲ್ಲ ಎಂದು ವಾಪಸು ಕಳಿಸಿದರು. ನನ್ನ ಮ್ಯಾನೇಜರ್ ಫೋನಿನಲ್ಲಿ, "ಏನಮ್ಮಾ, ಬರೀ ನಿಮ್ಮ ಏರಿಯಾದಲ್ಲೇ ಯಾಕೆ ಹಿಂಗಾಗುತ್ತೆ?" ಎಂದು ಕೇಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು.

ಇನ್ನೊಂದು ಸಲ ಹೋದಾಗ ಒಬ್ಬ ಅಜ್ಜನಿಗೆ ಇಸಿಜಿ ಮಾಡುತ್ತಿದ್ದರು. ನನ್ನ ಕಣ್ಣೆದುರೇ ಎದೆಯ ಮೇಲಿನ ಬುಡ್ಡೆಯೊಂದು ನಿಧಾನವಾಗಿ ಜಾರಿಕೊಂಡು ಹೊಟ್ಟೆಯ ಕಡೆ ಹೊರಟಿತು. ಇನ್ನೊಂದು ಪಕ್ಕೆಯಿಂದ ಇಳಿದು ಮಂಚದ ಮೇಲೆ ಬಿತ್ತು. ಅಜ್ಜನ ಎದೆ ಟ್ಯೂಬ್‌ಲೈಟಿನ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ಬೆರಳಿಟ್ಟು ಮೂಸಿ ನೋಡಿದೆ. ಅಯ್ಯೋ ನನ್ನ ಕರ್ಮವೇ! ಎಣ್ಣೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಬಂದವಳು ನಾನು. ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಅದ್ದಿ ತೆಗೆಸಿಕೊಂಡವಳೂ ನಾನೇ. ಎರಡೂ ಒಂದೇ ತಲೆಯೊಳಗಿದ್ದರೂ ಒಂದಕ್ಕೊಂದು ಪರಿಚಯವೇ ಆಗಿರಲಿಲ್ಲ. ಇದು ಸಾಲದೆಂಬಂತೆ ಅಲ್ಲಿನ ಟೆಕ್ನಿಷಿಯನ್, ಎದೆಗೆ ಹಚ್ಚುವ ಜೆಲ್ ಮುಗಿದಾಗಲೆಲ್ಲ ಗಾಣದ ಎಣ್ಣೆಯನ್ನೇ ಹಚ್ಚುತ್ತಿದ್ದನಂತೆ. "ಕಲಬೆರಕೆ ಇಲ್ಲ ಮೇಡಂ, ನಮ್ಮ ಮನೇದೇ" ಎಂದು ಹೆಮ್ಮೆಯಿಂದ ಬಾಟಲಿ ತೋರಿಸಿದ.

ಅಂದಿನಿಂದ ನನ್ನ ಬ್ಯಾಗಿನಲ್ಲಿ ಮೀಟರಿಗಿಂತ ಹೆಚ್ಚು ಕೆಲಸ ಮಾಡಿದ್ದು ಹತ್ತಿ ಮತ್ತು ಸ್ಪಿರಿಟ್ ಬಾಟಲಿ. ಎಲ್ಲಿ ಗೆರೆ ಕುಣಿದರೂ ಹೋಗಿ, ಮಲಗಿದವರ ಎದೆಯನ್ನು ಒರೆಸಿ, ಬುಡ್ಡೆ ಅಂಟಿಸಿ, ಮೆಷಿನ್ ಚೆನ್ನಾಗಿದೆ ಎಂದು ಹೇಳಿ ಬರುವುದು. ಎಂಜಿನಿಯರಿಂಗ್ ಓದಿ ಮೈ ಒರೆಸುವ ಕೆಲಸ ಎಂದು ಗೆಳತಿಯರು ಆಡಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆದರೆ ಒಂದು ವಿಷಯ ನಿಮಗೆ ಹೇಳುತ್ತೇನೆ ಕೇಳಿ. ಮನುಷ್ಯರ ಎದೆಯನ್ನು ಬೆಚ್ಚಗಿನ ಕೈಯಿಂದ ನಿಧಾನವಾಗಿ ಒರೆಸಿದರೆ ಅವರು ಮಾತಾಡತೊಡಗುತ್ತಾರೆ. ಡಾಕ್ಟರ ಕುರ್ಚಿಯ ಮುಂದೆ 'ಸುಸ್ತು' ಎಂಬ ಒಂದೇ ಪದಕ್ಕೆ ನಿಂತುಹೋದವರು ಇಲ್ಲಿ ಬಾಯಿ ಬಿಡುತ್ತಿದ್ದರು. ಬಾವಿ ಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರಬೇಕು ಎನ್ನುತ್ತಿದ್ದರು. ದಿಂಬು ಎತ್ತರವಿಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಮಗನಿಗೆ ಹೇಳಿಲ್ಲ ಎನ್ನುತ್ತಿದ್ದರು. ಎಲ್ಲ ಹೇಳಿ ಮುಗಿಸಿ, ಮೆಷಿನ್ನಿನಿಂದ ಹೊರಬರುವ ಕಾಗದವನ್ನು ನೋಡುತ್ತಾ, "ಏನಾಗೈತವ್ವಾ ನಂಗೆ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? ಡಾಕ್ಟ್ರು ಹೇಳುತ್ತಾರೆ ಎಂದು ಬ್ಯಾಗು ಮುಚ್ಚುತ್ತಿದ್ದೆ. ಬಸ್ಸಿನಲ್ಲಿ ಕೂತ ಮೇಲೂ ಆ ಪ್ರಶ್ನೆಗಳು ನನ್ನ ಜೊತೆಯಲ್ಲೇ ಬರುತ್ತಿದ್ದವು.

ಹೀಗಿರುವಾಗ ಒಂದು ದಿನ ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಮೆಷಿನ್ ನೋಡುತ್ತಿದ್ದೆ. ಹೊರಗಿನಿಂದ ಪರಿಚಿತ ಗಂಟಲು ಕೇಳಿಸಿತು. ಗಂಗತ್ತೆ! ಮಗ ಶಿವು ಕರೆದುಕೊಂಡು ಬಂದಿದ್ದ. ಅಟ್ಟದ ಏಣಿ ಹತ್ತಿದರೆ ಏದುಸಿರು ಬರುತ್ತಿದೆಯಂತೆ. ನನ್ನನ್ನು ಕಂಡದ್ದೇ ತಡ, ಏದುಸಿರು ಮಾಯವಾಗಿ ಇಡೀ ಬೆಂಚಿಗೆ ನನ್ನ ಪರಿಚಯ ಮಾಡಿಸಿದಳು. ಇಸಿಜಿಗೆ ಮಲಗಿಸಿದಾಗ ಎಂದಿನಂತೆ ಕುತ್ತಿಗೆಯಿಂದ ಕೆಳಗೆ ಮಿಂಚುತ್ತಿದ್ದಳು. ನಾನೇ ಒರೆಸಿದೆ. "ಮೆತ್ತಗೆ ಒರ್ಸೇ, ನಿಂಗೆ ಎಣ್ಣೆ ಹಚ್ಚೋವಾಗ ನಾನು ಹಿಂಗೆ ಉಜ್ಜಿದ್ನಾ?" ಎಂದು ಬೈಸಿಕೊಂಡೆ. ಗೆರೆ ಸಾಲಾಗಿ ಚೆಂದವಾಗಿ ಬಂತು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಕೂತು, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. "ಎಂಗಿದ್ದೀನೇ?"

ರೋಗಿಯ ಬಗ್ಗೆ ಒಂದಕ್ಷರ ಮಾತಾಡಬಾರದು, ಮೆಷಿನ್ ಬಗ್ಗೆ ಮಾತ್ರ ಹೇಳಬೇಕು ಎಂಬುದು ನಮ್ಮ ಕಂಪನಿಯ ಕಟ್ಟುನಿಟ್ಟು. ವರ್ಷಗಳ ಅಭ್ಯಾಸ. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಮೆಷಿನ್ ಚೆನ್ನಾಗಿದೆ ಅತ್ತೆ" ಎಂದೆ.

ಅತ್ತೆ ನಗತೊಡಗಿದಳು ನೋಡಿ, ಕೆಮ್ಮು ಹತ್ತುವವರೆಗೆ ನಕ್ಕಳು. ಶಿವು ನಕ್ಕ, ನರ್ಸು ನಕ್ಕಳು. ಒಳಗೆ ಡಾಕ್ಟರು ಗೆರೆ ನೋಡಿ ಹೆದರುವಂಥದ್ದೇನಿಲ್ಲ ಎಂದು ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ನನ್ನ ಮಾತು ಮಾತ್ರ ಮನೆತನದ ಆಸ್ತಿಯಾಯಿತು. ಯಾರ ಮನೆಯ ಗೃಹಪ್ರವೇಶದಲ್ಲಿ ಸಿಕ್ಕರೂ, ನಿಮ್ಮಪ್ಪ ಹೇಗಿದ್ದಾರೆ ಎಂದು ಕೇಳುವ ಬದಲು "ಮೆಷಿನ್ ಚೆನ್ನಾಗೈತಾ?" ಎನ್ನುವುದು. ನಾನೂ ಹಲ್ಲು ಕಿರಿಯುವುದು.

ಆದರೆ ಅವತ್ತು ಸಂಜೆ ಬಸ್ಸು ಕಾಯುತ್ತಾ ನಿಂತಿದ್ದಾಗ ನನಗೆ ನಗು ಬರಲಿಲ್ಲ. ನನ್ನನ್ನು ಸಾಕಿದವಳು ನನ್ನನ್ನು ಕೇಳಿದ್ದಳು. ನನ್ನ ಹತ್ತಿರ ಇದ್ದದ್ದು ಮೆಷಿನ್ನಿನ ಸುದ್ದಿ ಮಾತ್ರ. ಇನ್ನು ಮೂವತ್ತು ವರ್ಷ ಹೀಗೇ, ಕೇಳಿದವರಿಗೆಲ್ಲ ಮೆಷಿನ್ ಕ್ಷೇಮ ಹೇಳುತ್ತಾ ತಿರುಗಬೇಕೇ ಎಂದು ಬಸ್ಸು ಬರುವವರೆಗೂ ಯೋಚಿಸಿದೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದೆ. ಈಗ ನೀಟ್ ಬರೆಯುತ್ತೇನೆ, ಎಂಬಿಬಿಎಸ್ ಓದುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ನನಗೆ ಜ್ವರ ಬಂದಿದೆಯೇ ಎಂದು ನೋಡಿದರು. ಅಷ್ಟರಲ್ಲಿ ನನಗೆ ಮದುವೆಯೂ ಆಗಿತ್ತು, ಗಂಡ ಹೈಸ್ಕೂಲಿನ ಗಣಿತದ ಮೇಷ್ಟ್ರು. "ಲೆಕ್ಕ ಹಾಕ್ದೆ. ನಿನ್ನ ಕ್ಲಾಸಿನ ಮಕ್ಕಳು ನಿನ್ನನ್ನ ಆಂಟಿ ಅಂತಾರೆ" ಎಂದರು. ಅವರ ಲೆಕ್ಕ ತಪ್ಪುವುದಿಲ್ಲ. ಅಪ್ಪ ಮಾತೇ ಬಿಟ್ಟರು. ಕೊನೆಗೆ ಅತ್ತೆಯ ಮನೆಗೆ ಹೋದೆ, ಅಪ್ಪನಿಗೆ ಬುದ್ಧಿ ಹೇಳಲು ಅವಳೊಬ್ಬಳಿಗೇ ಸಾಧ್ಯ. ಅತ್ತೆ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಮುಂದೆ ಕೂತಿದ್ದಳು. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ಕೊಬ್ಬರಿ ಬಿಡಿಸಿಕೊಂಡು ಗಡಗಡ ಎಂದರೆ ಈ ಕಡೆ, ನೀರು ತುಳುಕಿದರೆ ವಾಪಸು ಅಟ್ಟಕ್ಕೆ. ನನ್ನ ಮಾತನ್ನೆಲ್ಲ ಕಾಯಿ ಅಲ್ಲಾಡಿಸುತ್ತಲೇ ಕೇಳಿದಳು.

"ಡಾಕ್ಟ್ರಾದ್ಮೇಲೆ, ನಾನ್ ಕೇಳುದ್ರೆ ಹೇಳ್ತೀಯಾ?"

"ಏನು?"

"ಎಂಗಿದ್ದೀನಿ ಅಂತ."

"ಹೇಳ್ತೀನಿ."

"ಏನಿದ್ರೂ?"

"ಏನಿದ್ರೂ ಹೇಳ್ತೀನಿ ಅತ್ತೆ."

"ಅಂಗಾದ್ರೆ ಓದು, ಹೋಗು. ನಿಮ್ಮಪ್ಪನ್ನ ನನಗೆ ಬುಡು" ಎಂದು ಕೈಯಲ್ಲಿದ್ದ ಕಾಯಿಯನ್ನು ಈ ಕಡೆಯ ರಾಶಿಗೆ ಹಾಕಿದಳು.

ಓದಿದ ವರ್ಷಗಳ ಕಥೆ ಉದ್ದ ಮಾಡುವುದಿಲ್ಲ. ಮೊದಲನೇ ದಿನವೇ ಹುಡುಗರು ನನ್ನನ್ನು ಪ್ರೊಫೆಸರ್ ಎಂದುಕೊಂಡು ಎದ್ದು ನಿಂತರು, ಎರಡನೇ ದಿನ ಆಂಟಿ ಎಂದರು, ಪರೀಕ್ಷೆ ಹತ್ತಿರ ಬಂದಾಗ ಅಕ್ಕಾ ನೋಟ್ಸ್ ಕೊಡಿ ಎಂದರು. ನನ್ನ ತೊಂದರೆ ಬೇರೆಯೇ ಇತ್ತು. ಏನೇ ಎಡವಟ್ಟು ಕಂಡರೂ ನನಗೆ ಮೊದಲು ಅನುಮಾನ ಬರುತ್ತಿದ್ದುದು ಉಪಕರಣದ ಮೇಲೆ. ವಾರ್ಡಿನಲ್ಲಿ ಒಬ್ಬನ ಬಿಪಿ ವಿಪರೀತ ತೋರಿಸಿದರೆ, ಉಳಿದವರು ರೋಗಿಯ ಸುತ್ತ ನಿಂತರೆ ನಾನು ಬಿಪಿ ಮೆಷಿನ್ನಿನ ರಬ್ಬರ್ ಟ್ಯೂಬು ಹಿಂಡುತ್ತಾ ನಿಂತಿರುತ್ತಿದ್ದೆ. ಎದೆಯಲ್ಲಿ ವಿಚಿತ್ರ ಶಬ್ದ ಕೇಳಿದರೆ ಸ್ಟೆತಸ್ಕೋಪ್ ಬಿಚ್ಚುತ್ತಿದ್ದೆ. ನಮ್ಮ ಮೇಡಂ ಒಬ್ಬರು ಒಂದು ದಿನ ತಾಳ್ಮೆಗೆಟ್ಟು, "ಅಮ್ಮಾ ತಾಯಿ, ನೀನು ಇಲ್ಲಿಗೆ ರಿಪೇರಿಗೆ ಬಂದಿಲ್ಲ. ಆ ಕಡೆ ಮಲಗಿರೋರನ್ನ ನೋಡು" ಎಂದು ಕೈಮುಗಿದರು. ಆ ಕಡೆ ನೋಡುವುದನ್ನು ಕಲಿಯಲು ನನಗೆ ಪಾಠ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಈ ನಡುವೆ ಗಂಗತ್ತೆ ಮಾತ್ರ ನನ್ನ ಕೈಗೆ ಸಿಗಲೇ ಇಲ್ಲ. ರಜೆಯಲ್ಲಿ ಸ್ಟೆತಸ್ಕೋಪ್ ಹಿಡಿದು ಹೋದರೆ, "ಕಲಿಯೋ ಕೈಗೆ ನಾನು ಸಿಗಕ್ಕಿಲ್ಲ. ಪೂರಾ ಡಾಕ್ಟ್ರಾಗಿ ಕುರ್ಚಿ ಮೇಲೆ ಕೂತ್ಕೋ, ನಾನೇ ಬತ್ತೀನಿ" ಎಂದು ಅಡುಗೆಮನೆಗೆ ಹೊರಟುಬಿಡುತ್ತಿದ್ದಳು. ಪ್ರತಿ ಸಲವೂ ಒಂದು ಬಾಟಲಿ ಗಾಣದ ಎಣ್ಣೆ ಕೊಟ್ಟು ಕಳಿಸುತ್ತಿದ್ದಳು. ತುರುವೇಕೆರೆಯಲ್ಲಿ ನಾನು ಕ್ಲಿನಿಕ್ ತೆರೆದು ಇನ್ನೂ ವರ್ಷ ತುಂಬಿಲ್ಲ. ಪೂಜೆಗೆ ಬಂದು ಊಟ ಬಡಿಸಿ ಹೋದಳು, ಪರೀಕ್ಷೆಯ ಮಂಚದ ಕಡೆ ತಿರುಗಿಯೂ ನೋಡಲಿಲ್ಲ. ಆಗ ನನಗೆ ಹೊಳೆಯಿತು, ಇವಳು ಹೆದರುತ್ತಿದ್ದಾಳೆ. ಮಾತು ತೆಗೆದುಕೊಂಡವಳೇ ಅದನ್ನು ಕೇಳಲು ಹೆದರುತ್ತಿದ್ದಾಳೆ.

ಹೋದ ತಿಂಗಳು ಕೊನೆಗೂ ಬಂದಳು. ಅಟ್ಟದ ಏಣಿಯ ಮೇಲೆ ಕಣ್ಣು ಕತ್ತಲೆ ಬಂದು ಶಿವು ಹಿಡಿದುಕೊಂಡನಂತೆ. ಮೈತುಂಬ ಎಣ್ಣೆ, ತಲೆತುಂಬ ಮಲ್ಲಿಗೆ. ಸಾವಿತ್ರಿ ಹತ್ತಿ ತೆಗೆದುಕೊಂಡಳು, ನಾನು ಅವಳ ಕೈಯಿಂದ ಇಸಿದುಕೊಂಡೆ. "ಡಾಕ್ಟ್ರಾದ್ರೂ ಒರ್ಸೋ ಕೆಲ್ಸ ತಪ್ಪಲಿಲ್ವಲ್ಲೇ ನಿಂಗೆ" ಎಂದಳು ಅತ್ತೆ. ಧ್ವನಿಯಲ್ಲಿ ಹಳೆಯ ಜೋರು ಇರಲಿಲ್ಲ. ಒರೆಸಿ, ಸ್ಟೆತಸ್ಕೋಪ್ ಇಟ್ಟೆ.

ಹೃದಯದ ಬಡಿತದ ಲಬ್ ಮತ್ತು ಡಬ್ ನಡುವೆ ಒಂದು ಒರಟು ಶಬ್ದ. ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದುಕೊಂಡು ಹೋದ ಹಾಗೆ. ಮೇಲೆ ಕುತ್ತಿಗೆಯವರೆಗೂ ಕೇಳುತ್ತಿತ್ತು.

ನಾನೇನು ಮಾಡಿದೆ ಗೊತ್ತೇ? ಸ್ಟೆತಸ್ಕೋಪ್ ಬಿಚ್ಚಿದೆ. ಟ್ಯೂಬು ನೋಡಿದೆ, ಊದಿದೆ, ಮತ್ತೆ ಸೇರಿಸಿದೆ. ನನ್ನ ಎದೆಗೆ ಇಟ್ಟುಕೊಂಡು ಕೇಳಿದೆ. ಸಾವಿತ್ರಿಯನ್ನು ಕರೆದು ಅವಳ ಎದೆಗೂ ಇಟ್ಟು ಕೇಳಿದೆ, ಅವಳು ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಮತ್ತೆ ಅತ್ತೆಯ ಎದೆಗೆ ಇಟ್ಟೆ. ಗರಿ ಎಳೆಯುವ ಶಬ್ದ ಅಲ್ಲೇ ಇತ್ತು. ಸ್ಟೆತಸ್ಕೋಪಿನಲ್ಲಿ ಯಾವ ದೋಷವೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ದೇವರೇ ಎಂದು ಮನಸ್ಸಿನಲ್ಲೇ ಮೊರೆಯಿಟ್ಟೆ.

ಅತ್ತೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಅದೇ ನೋಟ.

"ಎಂಗಿದ್ದೀನೇ?"

ಮೆಷಿನ್ ಚೆನ್ನಾಗಿದೆ ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳಲ್ಲ. ಅಂದುಬಿಟ್ಟಿದ್ದರೆ ಇಬ್ಬರೂ ನಕ್ಕು ಮನೆಗೆ ಹೋಗಬಹುದಿತ್ತು. ಅವಳ ಕೈ ಹಿಡಿದುಕೊಂಡೆ. ಹೃದಯದಿಂದ ರಕ್ತ ಹೊರಗೆ ಹೋಗುವ ಕಡೆ ಒಂದು ಬಾಗಿಲಿದೆ, ಅದು ಗಡುಸಾಗಿ ಕಿರಿದಾಗಿದೆ, ಪೂರ್ತಿ ತೆರೆಯುತ್ತಿಲ್ಲ, ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಳ್ಳಬೇಕು, ಬಹುಶಃ ಆಪರೇಷನ್ ಮಾಡಿ ಬಾಗಿಲು ಬದಲಿಸಬೇಕಾಗುತ್ತದೆ ಎಂದು ಒಂದೊಂದಾಗಿ ಹೇಳಿದೆ. ಗಂಡಾಂತರ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಸುಮ್ಮನಿದ್ದರೆ ಇನ್ನೂ ಹೆಚ್ಚಿದೆ ಎಂದೆ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಿಲ್ಲ.

ಅತ್ತೆ ಇನ್ನೊಂದು ಕೈಯಿಂದ ಸೆರಗೆಳೆದು ನನ್ನ ಕೆನ್ನೆ ಒರೆಸಿದಳು. ಆಮೇಲೆ, "ಹೇಳ್ದೆ ಬುಡು. ಹೇಳಲ್ವೇನೋ ಅಂದ್ಕಂಡಿದ್ದೆ" ಎಂದಳು.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು, ನಾನು ಹೇಳಿದ್ದೇ ಅವರೂ ಹೇಳಿದರು. ಇವತ್ತು ಅವಳು ಆಪರೇಷನ್ನಿಗೆ ಸೇರಿಕೊಳ್ಳುವ ದಿನ. ಬೆಳಿಗ್ಗೆ ಶಿವು ಕಾರು ತಂದು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದ. ನಾನು ಸಂಜೆ ಹೊರಡುವವಳು. ಅತ್ತೆ ಇಳಿದು ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ಅವಳನ್ನು ಮೇಲಿಂದ ಕೆಳಗೆ ನೋಡಿದೆ. ಮೊಣಕೈ ಬೆಳ್ಳಗೆ ಬಿರುಕು ಬಿಟ್ಟಿತ್ತು. ಮುಂಗೈ ಮೇಲೆ ಉಗುರು ಗೀರಿದರೆ ಗೆರೆ ಬೀಳುವಂತಿತ್ತು. ನಾನು ಹುಟ್ಟಿದಾಗಿನಿಂದ ಗಂಗತ್ತೆಯನ್ನು ಒಣ ಮೈಯಲ್ಲಿ ಕಂಡಿರಲಿಲ್ಲ. ಇವಳು ಇಷ್ಟು ಮುದುಕಿ ಎಂದೂ ಗೊತ್ತಿರಲಿಲ್ಲ.

"ಎಣ್ಣೆ ಮುಟ್ಟಿಲ್ಲ ಕಣೇ" ಎಂದಳು ಸಣ್ಣ ದನಿಯಲ್ಲಿ. "ಅಲ್ಲಿ ಒರ್ಸೋಕೆ ನೀನಿರಲ್ವಲ್ಲ. ಮೆಷಿನ್ ಸರಿಯಾಗಿ ಹೇಳ್ದೆ ಹೋದ್ರೆ?"

ಬೀರು ತೆರೆದು, ಸ್ಪಿರಿಟ್ಟಿನ ಪಕ್ಕ ಇಟ್ಟಿದ್ದ ಅವಳದೇ ಎಣ್ಣೆಯ ಬಾಟಲಿ ತೆಗೆದೆ. ಅವಳ ಮುಂದೆ ನೆಲದ ಮೇಲೆ ಕೂತು ಅಂಗೈಗೆ ಸುರಿದುಕೊಂಡು ಪಾದಕ್ಕೆ ಹಚ್ಚಿದೆ, ಮೀನಖಂಡಕ್ಕೆ ಹಚ್ಚಿದೆ, ಎರಡೂ ಕೈಗೆ ಮೊಣಕೈವರೆಗೆ ತಿಕ್ಕಿ ಹಚ್ಚಿದೆ. ಚರ್ಮ ಎಣ್ಣೆಯನ್ನು ಕುಡಿಯುತ್ತಲೇ ಹೋಯಿತು. "ಒರೆಸ್ಕೊಳ್ತಾರೆ ಬಿಡು ಅತ್ತೆ. ಅದಕ್ಕೇ ಅಲ್ವಾ ಅವ್ರು ಇರೋದು. ಒರೆಸೋವಾಗ ಸುಮ್ನೆ ಇರ್ಬೇಡ, ಮಾತಾಡು" ಎಂದೆ.

ಅವಳು ತನ್ನ ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡಳು.

"ಈಗ ಎಂಗಿದ್ದೀನೇ?"

ಏನಿದ್ದರೂ ಹೇಳುತ್ತೇನೆ ಎಂದು ಮಾತು ಕೊಟ್ಟವಳಲ್ಲವೇ ನಾನು.

"ಹೆದ್ರಿದ್ದೀಯ ಅತ್ತೆ" ಎಂದೆ.

"ನೀನು?"

"ನಾನೂ."

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟಳು, ಎಣ್ಣೆ ಕೈ. "ಸರಿ ಬುಡು. ಇಬ್ರಿದ್ದೀವಲ್ಲ" ಎಂದು ಎದ್ದು, ನನ್ನ ಭುಜ ಹಿಡಿದುಕೊಂಡೇ ಕಾರಿನವರೆಗೆ ಬಂದಳು.

ಇಷ್ಟೇ ನೋಡಿ ಈ ವಾಸನೆಯ ಕಥೆ. ಸಾವಿತ್ರಿ ಆಗಲೇ ಎರಡು ಸಲ ಇಣುಕಿದಳು. ಹೊರಗೆ ಮೊದಲ ಸಾಲಿನಲ್ಲಿ ಕೂತಿರುವ ಅಜ್ಜ ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದಾನೆ. ಇಸಿಜಿ ಮಾಡಬೇಕಂತೆ. ಹತ್ತಿ ತಗೊಂಡು ಬಾ ಎಂದು ಹೇಳಿದ್ದೇನೆ. ನಾನೇ ಒರೆಸುತ್ತೇನೆ.